ಪ್ರೈಮರಿಗೆ ಬ್ಯಾರೆ ಗನ್ ಬೇಕು, ಅದನ್ನ ತರೋ ಮಾತಿನಾಗ ನಾವೂ ಇರಬೇಕು

ನಮ್ಮನ್ಯಾಗ ಒಂದು ಗನ್ನಿನ ಸಲುವಾಗಿ ಮೂರು ದಿನ ಮಾತು ನಿಂತಿದ್ವು. ಗಾಬರಿ ಆಗಬ್ಯಾಡ್ರಿ, ಗುಂಡು ಹಾರಸೋ ಗನ್ ಅಲ್ಲ, ಗಾಡಿಗೆ ಬಣ್ಣ ಹೊಡಿಯೋ ಗನ್. ನಮ್ಮ ಮೈದುನ ಹಿತ್ತಲದಾಗ ತಗಡಿನ ಶೆಡ್ಡು ಹಾಕ್ಕೊಂಡು ಡೆಂಟಿಂಗ್-ಪೇಂಟಿಂಗ್ ಮಾಡ್ತಾನ ಅನ್ನೋದು ಇಲ್ಲೆ ಓದೋ ಭಾಳ ಮಂದಿಗೆ ಗೊತ್ತದ. ನಿಮ್ಮ ಪೈಕಿ ಒಂದಿಬ್ಬರ ಸ್ಕೂಟಿ ಸೈತ ಅಲ್ಲೇ ಹೊಸಾದಾಗಿ ಹೋಗ್ಯಾವ.

ಹಳೇ ಗನ್ ಸೋರಲಿಕ್ಕೆ ಹತ್ತಿತ್ತು, ಹೊಸಾದು ತರಬೇಕಾಗಿತ್ತು. "ಯಾವುದು ತರ್ತೀರಿ?" ಅಂತ ನಾ ಕೇಳಿದೆ. ನಮ್ಮನಿಯವರು, "ಅದು ನಿನಗೇನು ತಿಳೀತದ, ನೀ ಲೆಕ್ಕ ಬರಿ ಸಾಕು" ಅಂದ್ರು. ಅಷ್ಟಕ್ಕೇ ಜಗಳ. ಯಾಕಂದ್ರ ಲೆಕ್ಕ ಬರಿಯಾಕಿಗೇ ಮೊದಲು ತಿಳೀತದ. ಥಿನ್ನರ್ ಡಬ್ಬಿ ತಿಂಗಳಿಗೆ ಎಷ್ಟು ಬಂದ್ವು, ಯಾವ ಗಿರಾಕಿ ಬಣ್ಣ ಕೆಟ್ಟದ ಅಂತ ತಿರುಗಿ ಬಂದ, ಕೆಮ್ಮಿನ ಔಷಧಿಗೆ ಎಷ್ಟು ಹೋತು, ಮೂರೂ ಒಂದೇ ವಹಿಯೊಳಗ ಅವ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಪ್ರೈಮರ್ ಹೊಡೀಲಿಕ್ಕೆ ಬ್ಯಾರೆನೇ ಒಂದು ಗನ್ ಇಡಬೇಕು. ಅದು ತುಟ್ಟೀದು ಇರೋದು ಬ್ಯಾಡ, ಆದರ ಅದರ ತೂತು ದೊಡ್ಡದಿರಬೇಕು, ಅದು ಕುಡಿಯೋ ಗಾಳಿ ನಮ್ಮ ಕಂಪ್ರೆಸರಿಗೆ ಕೊಡಲಿಕ್ಕೆ ಆಗೋ ಅಷ್ಟಿರಬೇಕು. ಉಳದ ರೊಕ್ಕ ಗನ್ನಿಗೆ ಅಲ್ಲ, ಮೂಗಿಗೆ ಹಾಕಬೇಕು. ಮನ್ಯಾಗ, ಮನಿ ಮಗ್ಗಲದಾಗ ಇಂಥಾ ಕೆಲಸ ನಡಿಯೋದಿದ್ರ ಇದು ಗಂಡಸರ ಸಾಮಾನು ಅಂತ ನಾವು ಸುಮ್ಮನ ಕೂಡಬಾರದು.

ಪ್ರೈಮರ್ ಅಂದ್ರ ಏನು ಅಂತ ಕೇಳೋವ್ರಿಗೆ ಎರಡು ಮಾತು. ರಂಗೋಲಿ ಹಾಕೋ ಮೊದಲು ಅಂಗಳ ಸಾರಿಸ್ತೀವಲ್ಲ, ಹಂಗ ಇದು. ತಗಡು ಬಡದು ಸರಿ ಮಾಡ್ತಾರ, ತಗ್ಗಿಗೆ ಪುಟ್ಟಿ ತುಂಬ್ತಾರ, ಅದನ್ನ ಉಜ್ಜತಾರ. ಆಮ್ಯಾಲ ಬೂದಿಬಣ್ಣದ ಪ್ರೈಮರ್ ಹೊಡದು, ಒಣಗಿಸಿ, ಅದನ್ನೂ ವಾಟರ್ ಪೇಪರಿಲೆ ಉಜ್ಜಿ ಸಪಾಟ ಮಾಡ್ತಾರ. ಅದರ ಮ್ಯಾಲ ಬಣ್ಣ, ಬಣ್ಣದ ಮ್ಯಾಲ ಹೊಳಪಿನ ಕ್ಲಿಯರ್. ಸಾರಿಸಿದ್ದು ಛಲೋ ಇಲ್ಲಂದ್ರ ರಂಗೋಲಿ ಎಷ್ಟು ಚೆಂದ ಹಾಕಿದ್ರೂ ಒಡದು ಕಾಣಸ್ತದ. ತಗಡಿಗೆ ಜಂಗು ಹಿಡಿಯದಂಗ ಕಾಯೋದು, ಪುಟ್ಟಿ ಮತ್ತ ಬಣ್ಣ ಎರಡನ್ನೂ ಹಿಡಕೊಳ್ಳೋದು ಈ ಬೂದಿಬಣ್ಣದ ಪದರನೇ.

ಈ ಪ್ರೈಮರ್ ಬಣ್ಣದಕಿಂತ ಗಟ್ಟಿ. ಬಣ್ಣ ತಿಳೀ ಮಜ್ಜಿಗಿ ಇದ್ದಂಗಿದ್ರ ಪ್ರೈಮರ್ ದ್ವಾಸಿ ಹಿಟ್ಟು ಇದ್ದಂಗ. ಎಲ್ಲಾ ತೊಂದರಿ ಇಲ್ಲಿಂದನೇ ಸುರು ಆಗ್ತದ.

ಚಕ್ಕಲಿ ಒತ್ತೋ ಅಚ್ಚಿನಾಗ ನಮಗ ನಾಕೈದು ಬಿಲ್ಲಿ ಇರ್ತಾವ. ಸಣ್ಣ ತೂತಿಂದು ಶೇವಿಗೆ, ನಕ್ಷತ್ರದ್ದು ಚಕ್ಕಲಿಗೆ. ಚಕ್ಕಲಿ ಹಿಟ್ಟನ್ನ ಶೇವಿನ ಬಿಲ್ಲಿಯೊಳಗ ಹಾಕಿ ಒತ್ತಿದ್ರ ಏನಾಗ್ತದ? ಕೈ ನೋಯ್ತದ, ಹಿಟ್ಟು ಮ್ಯಾಲಿಂದ ಉಕ್ಕತದ. ಕಡೀಕ ಬ್ಯಾಸತ್ತು ಹಿಟ್ಟಿಗೇ ನೀರು ಹಾಕ್ತೀವಿ, ಚಕ್ಕಲಿ ಮೆತ್ತಗಾಗಿ ಕೆಡ್ತಾವ. ನಮ್ಮ ಶೆಡ್ಡಿನಾಗ ವರ್ಷಗಟ್ಟಲೆ ನಡದದ್ದು ಇದೇ.

ಹಳೇ ಗನ್ನಿನ ನಾಝಲ್ ತೂತು 1.4 ಮಿಲಿಮೀಟರ್. ಬಣ್ಣಕ್ಕ, ಕ್ಲಿಯರಿಗೆ ಅದು ಸರಿಯಾದ ಅಳತಿ, ಅದಕ್ಕ ಹೆಸರಿಡೋ ಹಂಗಿಲ್ಲ. ಪ್ರೈಮರ್ ಅದರಾಗ ಬರಲಾರದಕ್ಕ ಮೈದುನ ಎರಡು ಉಪಾಯ ಮಾಡ್ತಿದ್ದ. ಒಂದು, ಡಬ್ಬಿ ಮ್ಯಾಲ ಬರದದ್ದಕಿಂತ ಹೆಚ್ಚು ಥಿನ್ನರ್ ಸುರುವೋದು. ಎರಡು, ಗಾಳಿ ಒತ್ತಡ ಏರಸೋದು. ಥಿನ್ನರ್ ಹೆಚ್ಚಾದ್ರ ಪದರ ತೆಳ್ಳಗ ಬೀಳ್ತದ, ಹಂಗಾಗಿ ಮೂರು ಕೈ ಹೊಡಿಯೋ ಕಡೆ ಐದು ಕೈ. ಹೆಚ್ಚಿನ ಥಿನ್ನರ್ ಪದರದೊಳಗ ಸಿಕ್ಕೊಂಡು ಮೆಲ್ಲಗ ಹೊರಗ ಬರ್ತದ. ಅದು ಬಂದಂಗ ಪ್ರೈಮರ್ ಕುಗ್ಗತದ. ಗಾಡಿ ಕೊಡೋ ದಿನ ಕನ್ನಡಿ ಇದ್ದಂಗ ಇರ್ತದ, ತಿಂಗಳಾದ ಮ್ಯಾಲ ಬಿಸಲಾಗ ನಿಂತು ನೋಡಿದ್ರ ಪುಟ್ಟಿ ಹಾಕಿದ ಅಂಚು, ಉಜ್ಜಿದ ಗೀರು ಎಲ್ಲಾ ಎದ್ದು ಕಾಣಸ್ತಾವ. ಗಿರಾಕಿ ತಿರುಗಿ ಬರ್ತಾನ. ಎರಡನೇ ಸಲದ ಕೆಲಸಕ್ಕ ರೊಕ್ಕ ಕೇಳಲಿಕ್ಕೆ ಬಾಯಿ ಬರೋದಿಲ್ಲ.

ಒತ್ತಡ ಏರಿಸಿದ್ದರ ಫಲ ನೀವೂ ನೋಡೀರಿ. ಹ್ವಾದ ವರ್ಷ ಬ್ಯಾಸಗ್ಯಾಗ ನಾನು, ನೆಗೆಣ್ಣಿ ಕೂಡಿ ಎರಡು ಹಾಸಿಗಿ ತುಂಬ ಅರಳು ಸಂಡಿಗಿ ಇಟ್ಟಿದ್ವಿ. ಸಂಜೀಕ ತಗೀಲಿಕ್ಕೆ ಹೋದ್ರ ಒಂದು ಮಗ್ಗಲದ್ದೆಲ್ಲಾ ಬೂದಿಬಣ್ಣ. ತುಳಸಿ ಎಲಿ ಮ್ಯಾಲೂ ಅದೇ ಧೂಳು. ಎಲ್ಲಾ ಚೆಲ್ಲಿದ್ವಿ. ಅವತ್ತು ಸಂಡಿಗಿ ಹೋದ್ವು ಅಂತ ಸಿಟ್ಟು ಬಂದಿತ್ತು. ರಾತ್ರಿ ಲೆಕ್ಕ ಬರೀಲಿಕ್ಕೆ ಕೂತಾಗ ಬ್ಯಾರೆ ವಿಚಾರ ಹೊಳೀತು. ಸಂಡಿಗಿ ಮ್ಯಾಲ ಬಿದ್ದದ್ದು ನಾವೇ ರೊಕ್ಕ ಕೊಟ್ಟು ತಂದ ಪ್ರೈಮರ್ ಅಲ್ಲೇನು? ಇಪ್ಪತ್ತು ಮಾರು ದೂರದ ಸಂಡಿಗಿ ಮ್ಯಾಲ ಇಷ್ಟು ಬಿದ್ರ, ಗನ್ ಹಿಡದು ನಿಂತವನ ಎದಿಯೊಳಗ ಎಷ್ಟು ಹೋಗಿರಬೇಕು?

ಹಳೇ ಪದ್ಧತಿ ಗನ್ನಿಗೆ 40ರಿಂದ 60 ಪಿಎಸ್ಐ ಒತ್ತಡ ಬೇಕು. ಅಷ್ಟು ಜೋರಿನ ಗಾಳಿಯೊಳಗ ಬಣ್ಣ ತಗಡಿಗೆ ಬಡದು ತಿರುಗಿ ಹಾರತದ. ಅರ್ಧಕ್ಕಿಂತ ಹೆಚ್ಚು ಬಣ್ಣ ಗಾಡಿಗೆ ಹತ್ತೋದೇ ಇಲ್ಲ. ಇದಕ್ಕ ಬದಲು ಎಚ್.ವಿ.ಎಲ್.ಪಿ. ಅನ್ನೋ ಗನ್ ಬಂದ್ವು. ಅಂದ್ರ ಗಾಳಿ ಹೆಚ್ಚು, ಒತ್ತಡ ಕಡಿಮಿ. ಇವುಗಳ ಮೂತಿಯೊಳಗ ಒತ್ತಡ 10 ಪಿಎಸ್ಐ ದಾಟೋ ಹಂಗಿಲ್ಲ. 1980ರ ದಶಕದ ಕೊನೀಗೆ ಅಮೆರಿಕದ ಕ್ಯಾಲಿಫೋರ್ನಿಯಾದಾಗ ಊರ ಗಾಳಿ ಕೆಡ್ತದ ಅಂತ ಕಾನೂನು ಬಿಗಿ ಮಾಡಿದ ಮ್ಯಾಲ ಇವು ಹಬ್ಬಿದ್ವು. ಅಲ್ಲಿಯ ನಿಯಮದ ಪ್ರಕಾರ 100 ಪಾಲಿನಾಗ 65 ಪಾಲಾದ್ರೂ ಗಾಡಿಗೆ ಹತ್ತಬೇಕು. ಗಿರಾಕಿಗೆ ಹೊಳಪು ಕೊಡಲಿಕ್ಕೆ ಅಲ್ಲ, ಮಂದಿ ಉಸಿರಾಡೋ ಗಾಳಿ ಸಲುವಾಗಿ ಈ ಗನ್ ಬೆಳದದ್ದು ಅಂತ ತಿಳದಾಗ ನನಗ ಒಂದು ಧೈರ್ಯ ಬಂತು. ಸಂಡಿಗಿ ಕೆಟ್ಟದ್ದಕ್ಕ ಬೈಯೋದು ಸಣ್ಣ ಮಾತೇನಲ್ಲ.

ಈಗ ಅಳತಿ ಹೇಳ್ತೀನಿ, ಬೇಕಾದವ್ರು ಬರಕೊಳ್ರಿ. ಮಾಮೂಲಿ ಪ್ರೈಮರ್ ಸರ್ಫೇಸರಿಗೆ 1.6ರಿಂದ 1.8 ಮಿಲಿಮೀಟರ್ ನಾಝಲ್. ದಪ್ಪ ಪದರ ಕೊಡೋ ಹೈ-ಬಿಲ್ಡ್ ಜಾತಿಗೆ 1.8ರಿಂದ 2.0. ಪುಟ್ಟಿಯನ್ನೇ ಗನ್ನಿಲೆ ಹೊಡಿಯೋ ಸ್ಪ್ರೇ ಪುಟ್ಟಿಗೆ 2.0ರಿಂದ 2.5. ತೆಳ್ಳನ ಎಪಾಕ್ಸಿ ಪ್ರೈಮರಿಗೆ, ಸೀಲರಿಗೆ 1.4 ಆಸುಪಾಸು ಸಾಕು. ಕಡೀ ಮಾತು ಡಬ್ಬಿಂದು. ತೂತಿನ ಅಳತಿ, ಥಿನ್ನರ್ ಪ್ರಮಾಣ, ಒತ್ತಡ ಎಲ್ಲಾ ಕಂಪನಿಯವರು ಬರದಿರ್ತಾರ. ನಮ್ಮಂಥಾ ಸಣ್ಣ ಶೆಡ್ಡಿಗೆ 1.8ರದು ಒಂದಿದ್ರ ಮುಕ್ಕಾಲು ಪಾಲು ಕೆಲಸ ಸಾಗ್ತದ.

ತೂತಿನ ವಿಷಯ ಮುಗೀತು ಅನ್ನೋವಾಗ ನಾವೊಂದು ತಪ್ಪು ಮಾಡಿದ್ವಿ. ಅದನ್ನ ಮುಚ್ಚಿಡೋದಿಲ್ಲ, ಯಾಕಂದ್ರ ಅರ್ಧ ತಪ್ಪು ನಂದು. ನಾ ಹಠ ಮಾಡಿದ್ದಕ್ಕ ಮೈದುನ ಹುಬ್ಬಳ್ಳಿಗೆ ಹೋಗಿ 1.8 ತೂತಿನ ಎಚ್.ವಿ.ಎಲ್.ಪಿ. ಗನ್ನೇ ತಂದ. ಹೊಡೀಲಿಕ್ಕೆ ಹತ್ತಿದ ಒಂದು ನಿಮಿಷಕ್ಕ ಗನ್ ತೂ ತೂ ಅಂತ ಉಗುಳಲಿಕ್ಕೆ ಸುರು ಮಾಡ್ತು. ಬಾನೆಟ್ ಮ್ಯಾಲ ಪ್ರೈಮರ್ ರವಾ ರವಾ ಆಗಿ ಬಿತ್ತು. ಕಂಪ್ರೆಸರ್ ಭರ್ ಅಂತ ಒಂದೇ ಸವನ ಓಡ್ಲಿಕ್ಕೆ ಹತ್ತಿ ಕೈ ಇಡೋ ಹಂಗಿಲ್ಲದಂಗ ಕಾಯ್ತು. ನಮ್ಮನಿಯವರು ನನ್ನ ಮಾರಿ ನೋಡಿದ್ರು. ಬಾಯಿಲೆ ಏನೂ ಅನ್ನಲಿಲ್ಲ, ಅದು ಇನ್ನೂ ಕೆಟ್ಟ.

ಆದದ್ದು ಏನಂದ್ರ, ನಾವು ಗನ್ನಿನ ಹೊಟ್ಟಿ ಕೇಳಿರಲಿಲ್ಲ. ಮ್ಯಾಲಿನ ಟಾಕಿ ಸಣ್ಣದು, ಪೈಪು ಸಣ್ಣದು ಇಟಗೊಂಡು ಬಚ್ಚಲದಾಗ ದೊಡ್ಡ ಶಾವರ್ ಕೂಡಿಸಿದ್ರ ನೀರು ಹನಿ ಹನಿ ಬರೋದಿಲ್ಲೇನು, ಹಂಗ. ಎಚ್.ವಿ.ಎಲ್.ಪಿ. ಅಂದ್ರೇನೇ ಗಾಳಿ ಹೆಚ್ಚು. ಅಂಥಾ ಭಾಳ ಗನ್ನುಗಳಿಗೆ ನಿಮಿಷಕ್ಕ 10-12 ಘನ ಅಡಿ, ಕೆಲವಕ್ಕ ಇನ್ನೂ ಹೆಚ್ಚು ಗಾಳಿ ಬೇಕು. ಇದನ್ನೇ ಸಿಎಫ್‌ಎಂ ಅಂತಾರ. ಕಂಪ್ರೆಸರಿಂದು ಒಂದು ಎಚ್‌ಪಿಗೆ ಸುಮಾರು 3-4 ಸಿಎಫ್‌ಎಂ ಅಂತ ಲೆಕ್ಕ ಹಿಡೀಬೇಕು. ನಮ್ಮದು ಮನಿ ಕರೆಂಟಿನ ಮ್ಯಾಲ ಓಡೋ 2 ಎಚ್‌ಪಿದು. ಆರು, ಹೆಚ್ಚಂದ್ರ ಎಂಟು. ಹನ್ನೆರಡು ಉಣ್ಣೋವನಿಗೆ ಆರು ಬಡಿಸಿದ್ರ ಹೆಂಗ?

ಕಂಪ್ರೆಸರ್ ಮ್ಯಾಲಿನ ಅಂಕಿ ಓದೋದರಾಗೂ ಒಂದು ಮೋಸ ಹೋಗೋ ಜಾಗ ಅದ. ಡಿಸ್‌ಪ್ಲೇಸ್‌ಮೆಂಟ್ ಅಂತ ಒಂದು ದೊಡ್ಡ ಅಂಕಿ ಬರದಿರ್ತಾರ, ಅದು ಒಳಗ ಎಳಕೊಳ್ಳೋ ಲೆಕ್ಕ. ಫ್ರೀ ಏರ್ ಡೆಲಿವರಿ ಅನ್ನೋದು ಖರೇ ಹೊರಗ ಕೊಡೋ ಗಾಳಿ, ಇದು ಕಡಿಮಿ ಇರ್ತದ. ಗನ್ನಿಗೆ ಹೊಂದಿಸಿ ನೋಡಬೇಕಾದ್ದು ಈ ಎರಡನೇದನ್ನ. ಹಂಡ್ಯಾದಾಗ ಎಷ್ಟು ನೀರು ಹಿಡೀತದ ಅನ್ನೋದಕಿಂತ ನಳದಾಗ ಎಷ್ಟು ಬರ್ತದ ಅನ್ನೋದೇ ಮುಖ್ಯ.

ಅಂಗಡಿಯವರು ಪುಣ್ಯಾತ್ಮರು, ವಾರದೊಳಗ ಬದಲು ಮಾಡಿ ಕೊಟ್ರು. ಈ ಸಲ ತಂದದ್ದು ಎಲ್.ವಿ.ಎಲ್.ಪಿ. ಅಂದ್ರ ಗಾಳೀನೂ ಕಡಿಮಿ, ಒತ್ತಡಾನೂ ಕಡಿಮಿ. ಡಬ್ಬಿ ಮ್ಯಾಲ 5 ಸಿಎಫ್‌ಎಂ ಅಂತ ಬರದದ. ಕೆಲಸ ಸ್ವಲ್ಪ ಸಾವಕಾಶ ಆಗ್ತದ, ಅಗಲಾಗಿ ಬೀಳೋದಿಲ್ಲ. ಆದರ ಕಂಪ್ರೆಸರ್ ನಡುನಡುವ ನಿಂತು ಉಸಿರು ತಗೋತದ. ಲಾರಿ, ಬಸ್ಸು ಮಾಡೋವ್ರಿಗೆ ಇದು ಸಾಲೋದಿಲ್ಲ. ಸ್ಕೂಟಿ, ಕಾರಿನ ಬಾಗಿಲಾ, ಬಾನೆಟ್ ಮಾಡೋವ್ರಿಗೆ ಬೇಕಾದಷ್ಟಾತು. ಕಂಪ್ರೆಸರ್ ದೊಡ್ಡದಿದ್ದವ್ರು ಎಚ್.ವಿ.ಎಲ್.ಪಿ. ತಗೊಳ್ಳಿ, ನಾ ಬ್ಯಾಡ ಅನ್ನೋದಿಲ್ಲ. ಮೊದಲು ಮನ್ಯಾಗಿನ ಗಾಳಿ ನೋಡ್ರಿ, ಆಮ್ಯಾಲ ಗನ್ ನೋಡ್ರಿ ಅಂತೀನಿ ಅಷ್ಟೇ.

ಕಪ್ಪು ಮ್ಯಾಲಿಂದೋ ಕೆಳಗಿಂದೋ ಅನ್ನೋದೂ ಒಂದು ಮಾತು. ಹಳೇದರಾಗ ಕಪ್ಪು ಕೆಳಗ ಜೋತು ಬಿದ್ದಿರ್ತದ, ಗಾಳಿ ಬಣ್ಣಾನ ಮ್ಯಾಲ ಎಳಕೋಬೇಕು. ಹೊಸಾದರಾಗ ಕಪ್ಪು ಗನ್ನಿನ ತಲಿ ಮ್ಯಾಲ ಇರ್ತದ, ತಾನೇ ಇಳೀತದ. ಗಟ್ಟಿ ಪ್ರೈಮರಿಗೆ ಮ್ಯಾಲಿನ ಕಪ್ಪೇ ಛಲೋ. ಕಡಿಮಿ ಒತ್ತಡ ಸಾಕು, ತಳದಾಗ ಬಣ್ಣ ಉಳಿಯೋದಿಲ್ಲ. ಕೆಳಗಿನ ಕಪ್ಪಿನ ತಳದಾಗ ಪ್ರತಿ ಸಲ ಎರಡು ಚಮಚಾ ಉಳದು ಚೆಲ್ಲೋದು ನೋಡಿ ನನ್ನ ಹೊಟ್ಟಿ ಉರೀತಿತ್ತು.

ಇನ್ನ ಬೆಲಿ ಮಾತು. ನಮ್ಮನಿಯವರ ಆಸೆ ಏನಿತ್ತಂದ್ರ, ತಂದ್ರ ಪರದೇಶದ ಹೆಸರುವಾಸಿ ಗನ್ನೇ ತರೋಣ, ಒಂದರಾಗೇ ಎಲ್ಲಾ ಹೊಡಿಯೋಣ ಅಂತ. ಅಂಥಾದ್ದು ಹತ್ತಾರು ಸಾವಿರ ರೂಪಾಯಿ. ನಾ ಒಪ್ಪಲಿಲ್ಲ. ಪ್ರೈಮರನ್ನ ಒಣಗಿದ ಮ್ಯಾಲ ಉಜ್ಜೇ ಉಜ್ಜತೀವಿ. ಸಣ್ಣ ಪುಟ್ಟ ಏರಿಳಿತ ಪೇಪರಿನಾಗ ಹೋಗ್ತಾವ. ಉಜ್ಜಿ ತಗಿಯೋ ಪದರಕ್ಕ ರೇಶಿಮಿ ಗನ್ ಯಾಕ? ತುಟ್ಟಿ ಗನ್ ತರೋ ಯೋಗ್ಯತಿ ಬಂದಾಗ ಕ್ಲಿಯರಿಗೆ ತರಲಿ, ಅದರ ಮ್ಯಾಲ ಉಜ್ಜೋದು ಏನೂ ಇರೋದಿಲ್ಲ. ಮತ್ತ ಒಂದೇ ಗನ್ನಿನಾಗ ಎಲ್ಲಾ ಮಾಡೋದು ಉಳಿತಾಯ ಅಲ್ಲ. ಪ್ರೈಮರಿನ ಪುಡಿ ಗನ್ನಿನ ಸಂದಿಯೊಳಗ ಎಲ್ಲೋ ಕೂತಿರ್ತದ, ಮುಂದಿನ ವಾರ ಬಿಳೇ ಕಾರಿನ ಕ್ಲಿಯರಿನಾಗ ಬೂದಿ ಚುಕ್ಕಿ ಆಗಿ ಬಂದು ಕೂಡ್ತದ. ಬಳ್ಳೊಳ್ಳಿ ಕುಟ್ಟಿದ ಒಳ್ಳಿನಾಗ ಯಾಲಕ್ಕಿ ಕುಟ್ಟೋದಿಲ್ಲ ನಾವು.

ಹಂಗಂತ ಸಂತ್ಯಾಗಿನ ಅಗ್ಗದ ಗನ್ನೂ ಬ್ಯಾಡ. ನೀಡಲ್, ನಾಝಲ್, ಮುಂದಿನ ಏರ್ ಕ್ಯಾಪ್, ಈ ಮೂರೂ ಒಂದು ಜೋಡಿ. ಒಂದು ಕೆಟ್ರ ಆ ಜೋಡಿ ಸಿಗ್ತದೋ ಇಲ್ಲೋ, ಒಳಗಿನ ವಾಶರ್, ಪ್ಯಾಕಿಂಗ್ ಸಿಗ್ತಾವೋ ಇಲ್ಲೋ ಕೇಳ್ರಿ. ಬಿಡಿಭಾಗ ಸಿಗದ ಗನ್ ಅಗ್ಗ ಅಲ್ಲ, ಒಂದು ಸಲ ಕೆಟ್ರ ತಿಪ್ಪಿಗೆ ಹೋಗ್ತದ.

ಇದಕ್ಕೆಲ್ಲಾ ಒಂದು ಎದುರು ಮಾತು ಅದ, ಅದನ್ನೂ ಹೇಳಲಿಕ್ಕೇ ಬೇಕು. ನಮ್ಮ ಓಣ್ಯಾಗಿನ ಹಿರೇ ಮಿಸ್ತ್ರಿ ಒಬ್ಬರು ಅಂತಾರ: "ಗನ್ ಏನ್ ಮಾಡ್ತದವ್ವಾ, ಕೈ ಛಲೋ ಇರಬೇಕು." ಖರೇ ಮಾತು. ಗಾಡಿಂದ ಆರೆಂಟು ಇಂಚು ದೂರ ಹಿಡದು, ಮಣಕಟ್ಟು ತಿರಗಸದ, ಒಂದರ ಮ್ಯಾಲ ಒಂದು ಅರ್ಧ ಅರ್ಧ ಬರೋ ಹಂಗ ಸರೀಕ ಹೊಡಿಯೋ ಕೈ ಇಲ್ಲಂದ್ರ ಯಾವ ಗನ್ನಿನಿಂದಾನೂ ಉಪಯೋಗಿಲ್ಲ. ಕೈ ಇದ್ದವರು ಸಣ್ಣ ತೂತಿನಾಗೂ ಪ್ರೈಮರ್ ಹೊಡದು ತೋರಸ್ತಾರ. ಆದರ ಆ ಕೈ ಹಂಗ ಹೊಡೀಬೇಕಾದ್ರ ಎಷ್ಟು ಥಿನ್ನರ್ ಕುಡೀತು, ಎಷ್ಟು ಧೂಳು ಎಬ್ಬಿಸ್ತು ಅನ್ನೋದನ್ನ ಆ ಮಾತು ಎಣಸೋದಿಲ್ಲ. ಕೈ ಗಾಡೀನ ಚೆಂದ ಮಾಡ್ತದ, ಎದೀನ ಕಾಯೋದಿಲ್ಲ.

ಎದಿ ಮಾತಿಗೇ ಬರ್ತೀನಿ. ನಮ್ಮ ಮಾವನವರು ಮೂವತ್ತು ವರ್ಷ ಲಾರಿ, ಟೆಂಪೋಕ್ಕ ಬಣ್ಣ ಹೊಡದವರು. ಬಾಯಿಗೆ ಒಂದು ಟಾವೆಲ್ ಸುತ್ತಿಕೊಂಡ್ರ ಆತು. ಬೀಡಿ ಮುಟ್ಟಿದವರಲ್ಲ. ಕಡೀ ನಾಕೈದು ವರ್ಷ ಪಡಸಾಲ್ಯಾಗ ಗ್ವಾಡಿಗೆ ಆತು ಕೂತೇ ನಿದ್ದಿ ಮಾಡಿದ್ರು, ಅಡ್ಡ ಆದ್ರ ಉಸಿರು ಕಟ್ತಿತ್ತು. ವಯಸ್ಸಾತು, ದಮ್ಮು ಬಂದದ ಅಂದ್ವಿ. ಬಣ್ಣದಿಂದನೇ ಆತು ಅಂತ ಇವತ್ತು ನಾ ಹೇಳಲಾರೆ, ಆದರ ಅವತ್ತು ಯಾರೂ ಕೇಳಲೂ ಇಲ್ಲ. ಹ್ವಾದ ವರ್ಷ ಮಳಿಗಾಲದಾಗ ಒಂದು ರಾತ್ರಿ ಮೈದುನ ಕೆಮ್ಮಲಿಕ್ಕೆ ಹತ್ತಿದ. ಅತ್ತಿ ಕತ್ತಲದಾಗ ಎದ್ದು ಕೂತು, "ಇದು ಅವರದೇ ಕೆಮ್ಮು" ಅಂದ್ರು. ಮತ್ತೇನೂ ಅನ್ನಲಿಲ್ಲ. ನನಗ ಅವತ್ತಿಂದ ಈ ಗನ್ನಿನ ಮಾತು ಬಿಡಲಿಕ್ಕೆ ಆಗಿಲ್ಲ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆನೇ, "ಹಾರ್ಡ್‌ನರ್ ಹಾಕೋ ಬಣ್ಣ ಹೊಡೀತೀರೇನು?" ಅಂತ. 2ಕೆ ಅನ್ನೋ ಪ್ರೈಮರಿಗೆ ಎರಡನೇ ಡಬ್ಬಿ ಒಂದು ಕಲಸ್ತಾರ, ಅದೇ ಹಾರ್ಡ್‌ನರ್. ಸಾಮಾನ್ಯವಾಗಿ ಅದರಾಗ ಐಸೊಸೈನೇಟ್ ಇರ್ತದ. 1984ರಾಗ ಭೋಪಾಲದಾಗ ಸೋರಿದ ವಿಷದ ಹೆಸರಿನಾಗೂ ಈ ಶಬ್ದ ಕೇಳೀರಿ. ಇದು ಅದಲ್ಲ, ಬ್ಯಾರೆ ಪದಾರ್ಥ, ಆದರ ಅದೇ ಬಳಗದ್ದು. ಗನ್ನಿಲೆ ಹೊಡದಾಗ ಮಂಜಿನಂಗ ಉಸಿರಿನಾಗ ಹೋಗಿ ಉಬ್ಬಸ ಹಚ್ಚತದ. ಒಂದು ಸಲ ಮೈಗೆ ಅದು ಒಗ್ಗದಂಗ ಆತಂದ್ರ ಮುಂದ ಸ್ವಲ್ಪೇ ಸ್ವಲ್ಪ ತಗಲಿದ್ರೂ ಉಸಿರು ಹಿಡೀತದ. ಅದರ ವಾಸನಿ ಬರೋದ್ರೊಳಗ ಹೋಗಬಾರದಷ್ಟು ಒಳಗ ಹೋಗಿರ್ತದ. ಅದಕ್ಕ ಮಾಮೂಲಿ ಮಾಸ್ಕ್ ನಂಬೋ ಹಂಗಿಲ್ಲ, ಪೈಪಿನಿಂದ ಸ್ವಚ್ಛ ಗಾಳಿ ಬರೋ ಮಾಸ್ಕ್ ಬೇಕು, ಗಾಳಿ ಎಳಿಯೋ ಬೂತ್ ಬೇಕು. ನಮ್ಮ ತಗಡಿನ ಶೆಡ್ಡಿನಾಗ ಅವೆರಡೂ ಇಲ್ಲ.

ಹಂಗಾಗಿ ಮನ್ಯಾಗ ಒಂದು ನಿರ್ಣಯ ಆತು. ಹಿತ್ತಲದಾಗ ಹಾರ್ಡ್‌ನರ್ ಹಾಕೋ ಪ್ರೈಮರ್ ಹೊಡಿಯೋ ಹಂಗಿಲ್ಲ. ಗಿರಾಕಿ ಬೇಕೇ ಬೇಕು ಅಂದ್ರ ಬೂತ್ ಇದ್ದವರ ಕಡೆ ಕಳಸೋದು, ಅದರ ಗಳಿಕಿ ಬಿಡೋದು. ಎನ್‌ಸಿ ಅನ್ನೋ ಒಂದೇ ಡಬ್ಬಿ ಪ್ರೈಮರಿನ ಕೆಲಸ ಅಷ್ಟೇ ಇಲ್ಲೆ. ಅದು 2ಕೆ ಅಷ್ಟು ಗಟ್ಟಿ ಅಲ್ಲ, ಪದರಾನೂ ತೆಳುವು, ಗಿರಾಕಿಗೆ ಅದನ್ನ ಮೊದಲೇ ಹೇಳ್ತಾನ. ತಿಂಗಳಿಗೆ ಒಂದೆರಡು ಕೆಲಸ ತಪ್ಪತಾವ. ಆ ಸಾಲು ನನ್ನ ವಹಿಯೊಳಗ ಖಾಲಿ ಬಿಟ್ಟೀನಿ, ಅದನ್ನ ನೋಡಿ ನನಗ ಬ್ಯಾಸರ ಆಗೋದಿಲ್ಲ.

ಎನ್‌ಸಿಗೂ ಟಾವೆಲ್ ಸಾಲೋದಿಲ್ಲ. ಟಾವೆಲ್ ದಪ್ಪ ಧೂಳು ತಡೀತದ, ಥಿನ್ನರಿನ ಆವಿ ಸೀದಾ ಒಳಗ ಬಿಡ್ತದ. ಅರ್ಧ ಮಾರಿಗೆ ಬರೋ ರಬ್ಬರಿನ ಮಾಸ್ಕ್, ಎರಡೂ ಮಗ್ಗಲ ಇದ್ದಲಿ ತುಂಬಿದ ಕಾರ್ಟ್ರಿಜ್, ಅದರ ಮುಂದ ಧೂಳಿನ ಫಿಲ್ಟರ್, ಇಷ್ಟು ಬೇಕು. ಕೆಲಸ ಮುಗದ ಮ್ಯಾಲ ಗೂಟಕ್ಕ ತೂಗ ಹಾಕಬಾರದು, ಇದ್ದಲಿ ಸುಮ್ಮನ ಇದ್ರೂ ಆವಿ ಹೀರಕೋತನೇ ಇರ್ತದ. ಬಿಗಿ ಮುಚ್ಚಳದ ಡಬ್ಬ್ಯಾಗ ಇಡಬೇಕು. ನಾ ಹಳೇ ಚುನಮುರಿ ಡಬ್ಬಿ ಕೊಟ್ಟೀನಿ. ಒಳಗ ವಾಸನಿ ಬಂತಂದ್ರ ಕಾರ್ಟ್ರಿಜ್ ತೀರ್ತು ಅಂತ ತಿಳಕೋಬೇಕು. ಇನ್ನೊಂದು, ಗಡ್ಡ ಇದ್ರ ಮಾಸ್ಕ್ ಮಾರಿಗೆ ಅಂಟಿ ಕೂಡೋದಿಲ್ಲ, ಸಂದಿಯಿಂದ ಎಲ್ಲಾ ಒಳಗ ಹೋಗ್ತದ. ಮೈದುನ ಹತ್ತು ವರ್ಷದ ಗಡ್ಡ ತಗಸಿದ. ನೆಗೆಣ್ಣಿ ಎರಡು ದಿನ ಅವನ ಮಾರಿ ನೋಡಿ ನಕ್ಕಿದ್ದೇ ನಕ್ಕಿದ್ದು. ಕೂಸು ಮಾತ್ರ ಹತ್ರ ಹೋಗಲಿಲ್ಲ.

ಇಲ್ಲೆ ನನಗ ಒಂದು ವಿಚಿತ್ರ ಅನಸ್ತದ. ಅಮೆರಿಕದ ಓಹಾಯೋದ ಟೊಲೆಡೊ ಊರಿನಾಗ ಡಾಕ್ಟರ್ ಆಲನ್ ಡಿವಿಲ್ಬಿಸ್ ಅಂತ ಕಿವಿ-ಮೂಗು-ಗಂಟಲದ ವೈದ್ಯರಿದ್ರು. ರೋಗಿಗಳ ಗಂಟಲದೊಳಗ ಔಷಧಿ ಸಿಂಪಡಿಸಲಿಕ್ಕೆ 1880ರ ದಶಕದಾಗ ಒಂದು ಸಾಧನ ಮಾಡಿದ್ರು. ಮುಂದ ಅವರ ಮಗ ಥಾಮಸ್ ಅದೇ ಯುಕ್ತಿಯನ್ನ ಬಣ್ಣ ಹೊಡಿಯೋ ಗನ್ನಿಗೆ ತಿರುಗಿಸಿದ. ಗಂಟಲ ನೆಟ್ಟಗ ಮಾಡಲಿಕ್ಕೆ ಹುಟ್ಟಿದ್ದರ ಸಂತಾನ ಇವತ್ತು ನಮ್ಮ ಹುಡುಗರ ಗಂಟಲಕ್ಕ ಬಂದದ. ತಪ್ಪು ಗನ್ನಿಂದಲ್ಲ, ಬಾಯಿ ತಗದು ಅದರ ಮುಂದ ನಿಂತವ್ರದು, ನಿಲ್ಲಲಿಕ್ಕೆ ಬಿಟ್ಟವ್ರದು.

ಬೆಂಕಿ ಮಾತು ಮರೀಬ್ಯಾಡ್ರಿ. ಸಿಲಿಂಡರಿನ ಗ್ಯಾಸ್ ನೆಲಕ್ಕ ಇಳೀತದ ಅಂತ ನಮಗೆಲ್ಲಾ ಗೊತ್ತದಲ್ಲ, ಥಿನ್ನರಿನ ಆವೀನೂ ಗಾಳಿಗಿಂತ ಭಾರ. ನೆಲ ಹಿಡದು ಹರದು ಬಾಗಲದ ಸಂದಿಯಿಂದ ಒಳಗ ಬರ್ತದ. ನಮ್ಮ ಬಚ್ಚಲ ಒಲಿ ಶೆಡ್ಡಿನ ಗ್ವಾಡಿಗೆ ಹತ್ತೇ ಅದ. ಈಗ ಗನ್ ಹಿಡಿಯೋ ಮೊದಲು ಮೈದುನ ಕೂಗಿ ಹೇಳ್ತಾನ, ನಾವು ಒಲಿ ಆರಿಸಿ ಹೌದು ಅಂದ ಮ್ಯಾಲೇ ಸುರು.

ಹೊಸಾ ಗನ್ ಬಂದ ಮ್ಯಾಲ ನೋಡಬೇಕಾದ ಪರೀಕ್ಷೆ ಸರಳ, ಅದನ್ನ ನಮ್ಮ ಹುಡುಗಿ ಮಾಡ್ತಾಳ, ಮಾಸ್ಕ್ ಹಾಕ್ಕೊಂಡೇ. ಹಲಗಿಗೆ ಹಳೇ ಪೇಪರ್ ಹಚ್ಚಿ, ಆರೆಂಟು ಇಂಚಿನಿಂದ ಒಮ್ಮೆ ಒತ್ತಿ ಬಿಡೋದು. ಸೌತಿಕಾಯಿ ಹಂಗ ಉದ್ದಕ, ನಡುವ ಅಂಚು ಎಲ್ಲಾ ಒಂದೇ ಸಮ ಬಿದ್ರ ಸರಿ. ಡಮರು ಹಂಗ ನಡು ಸಣ್ಣಾದ್ರ ಗಾಳಿ ಹೆಚ್ಚಾತು. ನಡುವ ದಪ್ಪ ಕೂತ್ರ ಗಾಳಿ ಕಡಿಮಿ, ಇಲ್ಲಾ ಪ್ರೈಮರ್ ಗಟ್ಟಿ. ಬಾಳಿಹಣ್ಣಿನಂಗ ಡೊಂಕಾದ್ರ ಏರ್ ಕ್ಯಾಪಿನ ಒಂದು ಮಗ್ಗಲದ ತೂತು ಕಟ್ಟ್ಯದ. ಆ ತೂತಿಗೆ ಸೂಜಿ, ತಂತಿ ಹಾಕಬ್ಯಾಡ್ರಿ, ತೂತೇ ಕೆಡ್ತದ. ಹಲ್ಲಿನ ಕಡ್ಡಿ, ಮೆತ್ತನ ಬ್ರಶ್ ಸಾಕು. ಕೆಲಸ ಮುಗದ ಕೂಡ್ಲೇ ತೊಳೀಬೇಕು, ಆದರ ಇಡೀ ಗನ್ ಥಿನ್ನರಿನಾಗ ಮುಳುಗಿಸಿ ಇಡಬಾರದು, ಒಳಗಿನ ಪ್ಯಾಕಿಂಗ್ ಉಬ್ಬಿ ಕೆಡ್ತಾವ.

ಮತ್ತ ನಮ್ಮ ಧಾರವಾಡದ ಜಿಟಿಜಿಟಿ ಮಳಿ ನಿಮಗ ಗೊತ್ತೇ ಅದ. ಹಸಿ ಗಾಳಿಯೊಳಗ ಎನ್‌ಸಿ ಹೊಡದ್ರ ಬಿಳೇ ಮುಸುಕು ಬರ್ತದ. ಕಂಪ್ರೆಸರಿನ ಟಾಕಿಯೊಳಗೂ ನೀರು ಕೂಡ್ತದ. ದಿನಾ ಕೆಳಗಿನ ನಳ ತಿರುವಿ ಬಿಡಬೇಕು, ಪೈಪಿನ ನಡುವ ನೀರು ಹಿಡಿಯೋ ಫಿಲ್ಟರ್ ಹಾಕಬೇಕು. ಇಲ್ಲಂದ್ರ ಪ್ರೈಮರಿನ ಕೆಳಗ ಹನಿ ಕೂತು, ಮುಂದ ಬೊಬ್ಬಿ, ಜಂಗು.

ಅಂಗಡಿಗೆ ಹೋಗೋ ಮೊದಲು ಕೇಳಬೇಕಾದ್ದು ಇಷ್ಟೇ ನೋಡ್ರಿ. ಏನು ಹೊಡಿಯೋದು, ಅದರ ಡಬ್ಬಿ ಎಷ್ಟು ತೂತು ಅಂತದ? ನಮ್ಮ ಕಂಪ್ರೆಸರ್ ಖರೇ ಎಷ್ಟು ಗಾಳಿ ಕೊಡ್ತದ, ಗನ್ ಎಷ್ಟು ಕುಡೀತದ? ಬಿಡಿಭಾಗ ಸಿಗ್ತಾವೋ? ಮಾಸ್ಕಿಗೆ ರೊಕ್ಕ ತಗದಿಟ್ಟೀರೋ? ಕಡೀ ಪ್ರಶ್ನೆಗೆ ಉತ್ತರ ಇಲ್ಲಂದ್ರ ಆ ದಿನ ಗನ್ ತರೋದೇ ಬ್ಯಾಡ. ಗನ್ ಮುಂದಿನ ತಿಂಗಳು ತಂದ್ರ ನಡೀತದ.

ಈ ವರ್ಷ ಸಂಡಿಗಿ ಬೆಳ್ಳಗೇ ಒಣಗ್ಯಾವ, ಆದರ ಮಾಳಗಿ ಮ್ಯಾಲ ಹಾಕಿದ್ವಿ, ಪೂರಾ ಪುಣ್ಯ ಗನ್ನಿಗೆ ಕೊಡೋದು ತಪ್ಪಾಗ್ತದ. ತುಳಸಿ ಮ್ಯಾಲ ಇನ್ನೂ ತುಸು ಧೂಳು ಬೀಳ್ತದ. ಥಿನ್ನರ್ ಡಬ್ಬಿ ಕಡಿಮಿ ಬರ್ಲಿಕ್ಕೆ ಹತ್ಯಾವ. ಕೆಮ್ಮು ಪೂರಾ ಹೋಗಿಲ್ಲ, ರಾತ್ರಿ ಒಮ್ಮೊಮ್ಮೆ ಬರ್ತದ. ಅತ್ತಿ ಎದ್ದು ಕೂತು ಕೇಳಸ್ಕೋತಾರ, ನಿಂತ ಮ್ಯಾಲ ಮಲಗ್ತಾರ. ನಮ್ಮನಿಯವರು ಮೊನ್ನೆ ಕಂಪ್ರೆಸರಿನ ಹೊಸಾ ಪೈಪ್ ತರೋವಾಗ, "ಎಷ್ಟು ದಪ್ಪಂದು ತರ್ಲಿ?" ಅಂತ ನನ್ನ ಕೇಳಿ ಹೋದ್ರು.

ನಿಮ್ಮ ಮನಿ ಹಿಂದ, ಮಗ್ಗಲದಾಗ ಯಾರರೆ ಗನ್ ಹಿಡಿಯೋವ್ರಿದ್ರ ನೀವೂ ಒಮ್ಮೆ ಕೇಳ್ರಿ. ಬೈಯಬ್ಯಾಡ್ರಿ, ಕೇಳ್ರಿ.